ಕಡಲಿಲ್ಲದ ಊರಿನ ಕಡಲ ಕಲ್ಲು

ಗುಂಡ್ಲುಪೇಟೆ ಅಂದರೆ ನಿಮ್ಮಲ್ಲಿ ಬಹಳಷ್ಟು ಜನಕ್ಕೆ ಒಂದು ಬಸ್ ಸ್ಟಾಪು, ಅಷ್ಟೇ. ಊಟಿಗೋ ವಯನಾಡಿಗೋ ಹೋಗುವ ದಾರಿಯಲ್ಲಿ ಕಾಫಿ ಕುಡಿದು ಮುಂದಕ್ಕೆ ಹೋಗುವ ಊರು. ಮಳೆಗಾಲವಾದರೆ ಸೂರ್ಯಕಾಂತಿ, ಚೆಂಡುಹೂವಿನ ಹೊಲದಲ್ಲಿ ನಿಂತು ನಾಲ್ಕು ಫೋಟೋ. ಇನ್ನೂ ಪುರುಸೊತ್ತಿದ್ದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಚಾಮರಾಜನಗರದ ಕಥೆ ಇನ್ನೂ ಪಾಪ... ಅಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ತಾರೆ ಅನ್ನೋ ಮಾತೊಂದನ್ನು ಬಿಟ್ಟರೆ ಆ ಊರಿನ ಸುದ್ದಿ ಬೆಂಗಳೂರಿಗೆ ಬರ್ತಿದ್ದದ್ದೇ ಕಡಿಮೆ.

ನನಗೆ ಆ ಕಡೆ ಸ್ವಲ್ಪ ನಂಟು ಜಾಸ್ತಿ. ಅಮ್ಮನ ತವರು ತೆರಕಣಾಂಬಿ ಹತ್ತಿರದ ಒಂದು ಹಳ್ಳಿ. ಹಾಗಾಗಿ ಚಾಮರಾಜನಗರ-ಗುಂಡ್ಲುಪೇಟೆ ರಸ್ತೆಯನ್ನು ಚಿಕ್ಕಂದಿನಿಂದ ಎಷ್ಟು ಸಲ ಓಡಾಡಿದ್ದೀನೋ ಲೆಕ್ಕವಿಲ್ಲ. ಆದರೆ ಆ ರಸ್ತೆಯ ಎರಡೂ ಬದಿಯ ಕಲ್ಲುಗಳನ್ನು ಕಲ್ಲು ಅಂತ ನೋಡೋಕೆ ಶುರು ಮಾಡಿದ್ದು ಈಚೆಗೆ. ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನ ಓದಿದ ಗೆಳೆಯನೊಬ್ಬ ಇದಕ್ಕೆ ಕಾರಣ. ಅವನ ಜೊತೆ ಎರಡು ಸಲ ಆ ಕಡೆ ಸುತ್ತಾಡಿ, ಆಮೇಲೆ ಅವನು ಕೊಟ್ಟ ಪ್ರಬಂಧಗಳನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿ, ತಿಳಿದಷ್ಟನ್ನು ಇಲ್ಲಿ ಬರೀತಿದ್ದೀನಿ. ವಿಷಯ ಏನು ಅಂದರೆ, ಗುಂಡ್ಲುಪೇಟೆ ಸೀಮೆಯ ಕಡಲು. ನಗಬೇಡಿ, ನಿಜವಾಗಿಯೂ ಕಡಲು :)

*

ಮೊದಲು ಒಂದು ವಿಚಿತ್ರ. ಸಮುದ್ರದ ಹಳೆಯ ಕಥೆ ಸಮುದ್ರದಲ್ಲಿ ಸಿಗೋದಿಲ್ಲ.

ಕಡಲ ತಳ ಹುಟ್ಟೋದು ಕಡಲೊಳಗಿನ ಬೆಟ್ಟಸಾಲುಗಳ ಬಿರುಕಿನಲ್ಲಿ. ಕೆಳಗಿನಿಂದ ಲಾವಾ ಉಕ್ಕಿ, ತಣ್ಣಗಾಗಿ, ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಎರಡೂ ಕಡೆಗೆ ಸರಿಯುತ್ತೆ. ಸರಿದಷ್ಟೂ ತಣ್ಣಗಾಗಿ ಭಾರವಾಗುತ್ತೆ. ಕೊನೆಗೆ ಇನ್ನೊಂದು ಭೂಫಲಕದ ಅಂಚಿನ ಕೆಳಗೆ ಮುಳುಗಿ ಭೂಮಿಯ ಹೊಟ್ಟೆ ಸೇರುತ್ತೆ. ಹೀಗಾಗಿ ಇವತ್ತಿನ ಮಹಾಸಾಗರಗಳ ತಳದಲ್ಲಿ ಅತಿ ಹಳೆಯ ಕಲ್ಲು ಅಂದರೆ ಸುಮಾರು 18 ಕೋಟಿ ವರ್ಷದ್ದು, ಅದು ಪೆಸಿಫಿಕ್‌ನ ಪಶ್ಚಿಮ ಭಾಗದಲ್ಲಿದೆ. ಮೆಡಿಟರೇನಿಯನ್ ತಳದ ಒಂದು ಚೂರು ಅದಕ್ಕಿಂತ ಹಳೆಯದು ಅನ್ನೋ ವಾದ ಇದೆ, ಅದನ್ನು ಪಕ್ಕಕ್ಕಿಡೋಣ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಲೆಕ್ಕ ಹಾಕಿ ನೋಡಿ. ಭೂಮಿಯ ಆಯಸ್ಸಿನ ನೂರಕ್ಕೆ ತೊಂಬತ್ತಾರು ಪಾಲಿನ ಕಡಲುಗಳಿಗೆ ಕಡಲಲ್ಲಿ ಸಾಕ್ಷಿಯೇ ಉಳಿದಿಲ್ಲ.

ಹಾಗಾದರೆ ಸಾಕ್ಷಿ ಎಲ್ಲಿದೆ? ನೆಲದ ಮೇಲೆ. ಎರಡು ಭೂಖಂಡಗಳು ಹತ್ತಿರ ಬಂದು ನಡುವಿನ ಕಡಲು ಮುಚ್ಚಿಹೋಗುವಾಗ ತಳವೆಲ್ಲ ಮುಳುಗಿ ಹೋಗಲ್ಲ. ಬಾಗಿಲ ಸಂದಿಗೆ ಸಿಕ್ಕ ಸೆರಗಿನ ಹಾಗೆ ಅಲ್ಲಲ್ಲಿ ಒಂದೊಂದು ಚೂರು ಸಿಕ್ಕಿಹಾಕಿಕೊಂಡು ಮೇಲಕ್ಕೆ ಬರುತ್ತೆ. ಇಂಥ ಚೂರುಗಳಿಗೆ ಓಫಿಯೊಲೈಟ್ ಅಂತ ಹೆಸರು. ಗ್ರೀಕಿನಲ್ಲಿ ಓಫಿಸ್ ಅಂದರೆ ಹಾವು. ಆ ಕಲ್ಲುಗಳಲ್ಲಿ ಕೆಲವು ಹಸಿರಾಗಿ, ಹಾವಿನ ಚರ್ಮದ ಹಾಗೆ ಕಾಣೋದರಿಂದ ಆ ಹೆಸರು ಬಂತು. ಈ ಚೂರುಗಳು ಸಾಲಾಗಿ ಸಿಕ್ಕ ಕಡೆಯಲ್ಲಿ ಒಂದು ಗೆರೆ ಎಳೆದರೆ ಅದೇ ಹಳೆಯ ಫಲಕಗಳ ಅಂಚು. ಚೂರಿನ ವಯಸ್ಸು ಗೊತ್ತಾದರೆ ಆ ಕಡಲು ಯಾವಾಗ ಇತ್ತು ಅಂತ ಗೊತ್ತಾಗುತ್ತೆ.

ಇಷ್ಟು ಸುಲಭವಾಗಿದ್ದರೆ ನಾನು ಈ ಬರಹವನ್ನು ಇಲ್ಲಿಗೇ ನಿಲ್ಲಿಸಬಹುದಿತ್ತು.

*

ಕಷ್ಟ ಒಂದು: ಗುರುತು ಹಿಡಿಯೋದು.

ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋಗಿದ್ದವರಿಗೆ ಗೊತ್ತಿರುತ್ತೆ. ಅಲ್ಲಿ ಲಾವಾ ದಿಂಬು ದಿಂಬಾಗಿ ಒಂದರ ಮೇಲೊಂದು ಬಿದ್ದ ಹಾಗೆ ಗಟ್ಟಿಯಾಗಿದೆ. ಬಿಸಿ ಲಾವಾ ನೀರಿಗೆ ಬಿದ್ದಾಗ ಮೇಲಿನ ಪದರ ಥಟ್ಟನೆ ಹೆಪ್ಪುಗಟ್ಟಿ, ಒಳಗಿನದ್ದು ಇನ್ನೂ ಮೆತ್ತಗಿದ್ದು ದಿಂಬಿನ ಆಕಾರ ಬರುತ್ತೆ. ಅಂದರೆ ಅಲ್ಲಿ ನೀರಿತ್ತು. ಪುರಾವೆ ಕಣ್ಣೆದುರಿಗೇ ಇದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಕೂಡ.

ಗುಂಡ್ಲುಪೇಟೆ ಕಡೆ ಹಾಗಿಲ್ಲ. ಕರ್ನಾಟಕದ ನೆಲ ಉತ್ತರದಿಂದ ದಕ್ಷಿಣಕ್ಕೆ ಹೋದಷ್ಟೂ ಒಂದು ಕಾಲಕ್ಕೆ ಹೆಚ್ಚು ಆಳದಲ್ಲಿದ್ದ ಕಲ್ಲು ಮೇಲೆ ಕಾಣಿಸುತ್ತೆ. ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಕಲ್ಲುಗಳು ಹತ್ತಾರು ಕಿಲೋಮೀಟರ್ ಆಳದಲ್ಲಿ ಬೆಂದು, ಹಿಂಡಿ, ಮಡಿಚಿ ಮೇಲೆ ಬಂದವು. ದಿಂಬಿರಲಿ, ಹಾಸಿಗೆಯೂ ಉಳಿದಿಲ್ಲ. ಸುತ್ತಮುತ್ತ ಎಲ್ಲ ಕಡೆ ಬಿಳಿ-ಬೂದು ಪಟ್ಟೆ ಪಟ್ಟೆಯ ನೈಸ್ ಕಲ್ಲು (ಹೆಸರು ಮಾತ್ರ ನೈಸ್, ಮುಟ್ಟಿದರೆ ಒರಟು). ಬೆಂಗಳೂರಿನ ಲಾಲ್‌ಬಾಗ್ ಬಂಡೆ ನೋಡಿದ್ದೀರಲ್ಲ, ಅದೇ ಬಳಗ. 1916ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸ್ಮೀತ್ ಇದಕ್ಕೆ ಪೆನಿನ್ಸುಲಾರ್ ನೈಸ್ ಅಂತ ಹೆಸರಿಟ್ಟರು. ಈ ನೈಸಿನ ಒಳಗೆ ಅಲ್ಲೊಂದು ಇಲ್ಲೊಂದು ಕಪ್ಪು ಪಟ್ಟಿ ಸಿಗುತ್ತೆ. ಕೆಲವು ಕಡೆ ಹತ್ತಡಿ, ಕೆಲವು ಕಡೆ ಫರ್ಲಾಂಗು. ಕಪ್ಪು ಆಂಫಿಬೊಲೈಟ್, ಮೆಗ್ನೀಸಿಯಮ್ ತುಂಬಿದ ಹಸಿರುಗಪ್ಪು ಕಲ್ಲು, ಕಬ್ಬಿಣದ ಪಟ್ಟೆ ಕಲ್ಲು, ಮ್ಯಾಂಗನೀಸ್ ಇರುವ ಪದರ, ಕ್ವಾರ್ಟ್ಜೈಟ್, ಸುಣ್ಣದ ಕಲ್ಲು ಬೆಂದು ಆದ ಅಮೃತಶಿಲೆ... ಇವೆಲ್ಲ ಸೇರಿ ಸರಗೂರು ಗುಂಪು. ಹೌದು, ಕಬಿನಿ ಪಕ್ಕದ ಅದೇ ಸರಗೂರು. ಪ್ರಪಂಚದ ಭೂವಿಜ್ಞಾನ ಪತ್ರಿಕೆಗಳಲ್ಲೆಲ್ಲ ಆ ಹೆಸರಿದೆ, ನಮ್ಮ ಬಸ್ಸಿನ ಬೋರ್ಡಿನಲ್ಲಿ ಮಾತ್ರ ಅಲ್ಲ!

ಕಬ್ಬಿಣದ ಪಟ್ಟೆ, ಮ್ಯಾಂಗನೀಸು, ಸುಣ್ಣ, ಇವೆಲ್ಲ ನೀರಿನಲ್ಲಿ ಕೂತ ಪದಾರ್ಥಗಳು. ಜೊತೆಗಿರುವ ಮೆಗ್ನೀಸಿಯಮ್ ಕಲ್ಲುಗಳಲ್ಲಿ ಕೆಲವು ಕೋಮಾಟಿಯೈಟ್ ಅನ್ನೋ ಲಾವಾ. ದಕ್ಷಿಣ ಆಫ್ರಿಕಾದ ಕೋಮಾಟಿ ನದಿಯ ಹೆಸರು ಅದಕ್ಕೆ. ಇವತ್ತಿನ ಜ್ವಾಲಾಮುಖಿಯ ಬಸಾಲ್ಟ್ ಲಾವಾ ಸುಮಾರು 1200 ಡಿಗ್ರಿ ಇದ್ದರೆ ಇದು 1600 ಡಿಗ್ರಿಯ ಹತ್ತಿರದ್ದು. ಭೂಮಿ ಇನ್ನೂ ಹೆಚ್ಚು ಬಿಸಿಯಾಗಿದ್ದ ಕಾಲದ ಸರಕು. ಈಗ ಇದು ಹುಟ್ಟೋದಿಲ್ಲ.

*

ಕಷ್ಟ ಎರಡು: ವಯಸ್ಸು ಕೇಳೋದು.

ಕಲ್ಲಿನ ವಯಸ್ಸು ಕೇಳೋಕೆ ಅತಿ ನಂಬಿಕಸ್ಥ ಸಾಕ್ಷಿ ಅಂದರೆ ಜಿರ್ಕಾನ್ ಅನ್ನೋ ಪುಟ್ಟ ಹರಳು. ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು, ರಾಗಿ ಕಾಳಿಗಿಂತ ಎಷ್ಟೋ ಸಣ್ಣದು. ಹುಟ್ಟುವಾಗ ಇದು ಯುರೇನಿಯಮ್ಮನ್ನು ಒಳಕ್ಕೆ ಬಿಟ್ಟುಕೊಳ್ಳುತ್ತೆ, ಸೀಸವನ್ನು ಬಿಟ್ಟುಕೊಳ್ಳಲ್ಲ. ಆಮೇಲೆ ಯುರೇನಿಯಮ್ ತನ್ನಷ್ಟಕ್ಕೆ ಸೀಸವಾಗುತ್ತಾ ಹೋಗುತ್ತೆ. ಒಂದು ಬಗೆಯ ಯುರೇನಿಯಮ್ ಅರ್ಧ ಆಗೋಕೆ 447 ಕೋಟಿ ವರ್ಷ, ಇನ್ನೊಂದು ಬಗೆಯದಕ್ಕೆ 70 ಕೋಟಿ ವರ್ಷ. ಹರಳಿನೊಳಗೆ ಸೀಸ ಎಷ್ಟಿದೆ ಅಂತ ಅಳೆದರೆ ಹುಟ್ಟಿದ ಕಾಲ ಸಿಗುತ್ತೆ. ಒಂದೇ ಹರಳಿನಲ್ಲಿ ಎರಡು ಗಡಿಯಾರ ಇರೋದರಿಂದ ಒಂದು ಸುಳ್ಳು ಹೇಳಿದರೆ ಇನ್ನೊಂದು ಹಿಡಿದುಕೊಡುತ್ತೆ. 1980ರ ಆಸುಪಾಸಿನಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ವಿಲಿಯಂ ಕಾಂಪ್‌ಸ್ಟನ್ ತಂಡ ಶ್ರಿಂಪ್ ಅನ್ನೋ ಯಂತ್ರ ಕಟ್ಟಿದ ಮೇಲೆ ಒಂದೇ ಹರಳಿನ ನಡುವಿನ ವಯಸ್ಸು ಬೇರೆ, ಅಂಚಿನ ವಯಸ್ಸು ಬೇರೆ ಅಂತ ಅಳೆಯೋದು ಸಾಧ್ಯವಾಯಿತು. ನಡುವೆ ಹುಟ್ಟಿದ ದಿನ, ಅಂಚಿನಲ್ಲಿ ಬೆಂದ ದಿನ. ಮರದ ಸುತ್ತುಗಳ ಹಾಗೆ ಅನ್ನಿ.

ಆದರೆ ತಾಪತ್ರಯ ಇಲ್ಲೇ ಇದೆ. ಕಡಲ ತಳದ ಬಸಾಲ್ಟಿನಲ್ಲಿ ಜಿರ್ಕಾನ್ ಇರೋದೇ ಅಪರೂಪ! ಯಾರ ವಯಸ್ಸು ಬೇಕೋ ಅವರ ಹತ್ತಿರವೇ ಜನ್ಮಪತ್ರಿಕೆ ಇಲ್ಲ. ಅದಕ್ಕೆ ಭೂವಿಜ್ಞಾನಿಗಳು ಮೂರು ದಾರಿ ಹಿಡೀತಾರೆ.

ಒಂದು, ಕಡಲ ತಳದ ಆ ಕಪ್ಪು ಕಲ್ಲು ಹುಟ್ಟುವಾಗಲೇ ಅದರ ಕೊನೆಯ ರಸದಿಂದ ಸ್ವಲ್ಪ ಬಿಳಿಯ ಕಲ್ಲು ಗೆರೆ ಗೆರೆಯಾಗಿ ಬಂದಿರುತ್ತೆ. ಅದರಲ್ಲಿ ಜಿರ್ಕಾನ್ ಸಿಗುತ್ತೆ. ಗಟ್ಟಿ ಓಫಿಯೊಲೈಟುಗಳ ವಯಸ್ಸು ಬಂದಿರೋದು ಬಹುಪಾಲು ಹೀಗೆ.

ಎರಡು, ಸಮೇರಿಯಮ್-ನಿಯೋಡಿಮಿಯಮ್ ಗಡಿಯಾರ. ಇದು ಮಹಾ ನಿಧಾನ, ಅರ್ಧ ಆಗೋಕೆ 10,600 ಕೋಟಿ ವರ್ಷ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿದ್ದ ಎಂ. ಜಯಾನಂದ ಮತ್ತು ಜೊತೆಗಾರರು ಪಶ್ಚಿಮ ಧಾರವಾಡದ ಸರಗೂರು ಕಾಲದ ಕೋಮಾಟಿಯೈಟುಗಳನ್ನು ಹೀಗೆ ಅಳೆದು 2008ರಲ್ಲಿ ಪ್ರಕಟಿಸಿದರು: 335 ಕೋಟಿ ವರ್ಷ, ಹೆಚ್ಚು ಕಡಿಮೆ 11 ಕೋಟಿ. ಆ 'ಹೆಚ್ಚು ಕಡಿಮೆ' ನೋಡಿ! ಡೈನೋಸಾರುಗಳು ಹೋಗಿ 6.6 ಕೋಟಿ ವರ್ಷ ಆಯಿತು. ಇಲ್ಲಿ ಬರೀ ತಪ್ಪಳತೆಯ ಅಂಚಿನಲ್ಲೇ ಅದು ಮುಳುಗಿಹೋಗುತ್ತೆ.

ಮೂರು, ಪಕ್ಕದವರನ್ನು ಕೇಳೋದು. ಕಡಲ ತೀರಕ್ಕೆ ಮರಳು ಬಂದು ಬಿದ್ದು ಕ್ವಾರ್ಟ್ಜೈಟ್ ಆಗಿದ್ದರೆ ಆ ಮರಳಿನಲ್ಲಿ ಇನ್ನೂ ಹಳೆಯ ಬೆಟ್ಟಗಳ ಜಿರ್ಕಾನ್ ಇರುತ್ತೆ. 1992ರಲ್ಲಿ ನಟ್‌ಮನ್, ಚ್ಯಾಡ್ವಿಕ್, ರಾಮಕೃಷ್ಣನ್, ವಿಶ್ವನಾಥ ಸೇರಿ ಸರಗೂರು ಗುಂಪಿನ ಕಲ್ಲುಗಳಲ್ಲಿ 358 ಕೋಟಿ ವರ್ಷದವರೆಗಿನ ಹರಳುಗಳನ್ನು ಕಂಡರು. ಇನ್ನೊಂದು ಕಡೆಯಿಂದ, ಎಲ್ಲ ಮುಗಿದ ಮೇಲೆ ಅಡ್ಡಲಾಗಿ ಸೀಳಿಕೊಂಡು ಬಂದ ಡೈಕುಗಳಿವೆ. ಡೈಕ್ ಅಂದರೆ ಬಿರುಕಿನಲ್ಲಿ ಏರಿ ಗಟ್ಟಿಯಾದ ಕಲ್ಲಿನ ಗೋಡೆ. ಧಾರವಾಡದ ನೆಲದ ಡೈಕುಗಳ ಒಂದು ದೊಡ್ಡ ಗುಂಪು 237 ಕೋಟಿ ವರ್ಷದ್ದು. ಹೊಲಿಗೆಯೊಂದನ್ನು ಡೈಕ್ ಅಡ್ಡ ಸೀಳಿದ್ದರೆ ಹೊಲಿಗೆ ಅದಕ್ಕಿಂತ ಹಳೆಯದು ಅಂತಲೇ ಅರ್ಥ. ಚಾಮರಾಜನಗರದ ಹೆಸರಾಂತ ಕಪ್ಪು ಗ್ರಾನೈಟ್ ಇದೆಯಲ್ಲ, ಅದು ಗ್ರಾನೈಟೂ ಅಲ್ಲ, ಕಡಲ ಕಲ್ಲೂ ಅಲ್ಲ. ಡಾಲರೈಟ್ ಡೈಕ್. ವ್ಯಾಪಾರದವರು ಇಟ್ಟ ಹೆಸರು ಅದು.

*

ಈಗ ಗೋಪಾಲಸ್ವಾಮಿ ಬೆಟ್ಟಕ್ಕೆ ಬನ್ನಿ. ಮಂಜಿಲ್ಲದ ದಿನ ನೋಡಿಕೊಂಡು ಬನ್ನಿ, ಅದೇ ಕಷ್ಟ!

ದಕ್ಷಿಣಕ್ಕೆ ನೋಡಿದರೆ ಬಂಡೀಪುರದ ಕಾಡು, ಆಚೆಗೆ ಮೋಯಾರ್ ಹೊಳೆಯ ಕಣಿವೆ, ಅದರಾಚೆ ಗೋಡೆ ಎಬ್ಬಿಸಿದ ಹಾಗೆ ನೀಲಗಿರಿ. ಈ ಕಣಿವೆಯ ಉದ್ದಕ್ಕೂ ನುಗ್ಗುನುರಿಯಾದ, ಉಜ್ಜಿ ಎಳೆದ ಕಲ್ಲಿನ ಒಂದು ಪಟ್ಟಿ ಇದೆ, ಅದಕ್ಕೆ ಮೋಯಾರ್ ಶಿಯರ್ ಝೋನ್ ಅಂತಾರೆ. ಹೊಳೆ ತನ್ನ ದಾರಿಗೆ ಮೆತ್ತಗಿನ ಜಾಗ ಹುಡುಕಿಕೊಂಡಿದೆ, ಅಷ್ಟೇ. ಎರಡೂ ಬದಿಯ ಕಲ್ಲುಗಳ ವಯಸ್ಸಿನ ಪಟ್ಟಿ ಪಕ್ಕಪಕ್ಕ ಇಟ್ಟರೆ ಕಥೆ ಶುರುವಾಗುತ್ತೆ. ಈಚೆ, ನಮ್ಮ ಮೈಸೂರು ಸೀಮೆಯಲ್ಲಿ, 300 ಕೋಟಿ ವರ್ಷ ದಾಟಿದ ಕಲ್ಲು ಧಾರಾಳ. ಆಚೆ, ನೀಲಗಿರಿಯಲ್ಲಿ, ಅಷ್ಟು ಹಳೆಯ ನೆಲವಿಲ್ಲ. ಅಲ್ಲಿನ ಕಲ್ಲು ಹುಟ್ಟಿದ್ದೇ ಸುಮಾರು 254 ಕೋಟಿ ವರ್ಷದ ಹಿಂದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಜೀವ್ ಮತ್ತು ಸ್ಯಾಮ್ಯುಯೆಲ್ ತಂಡ 2014ರಲ್ಲಿ ಹೇಳಿದ್ದು ಇದು: ನೀಲಗಿರಿ ಒಂದು ದ್ವೀಪಸಾಲಿನಂತೆ, ಮುಳುಗುತ್ತಿದ್ದ ಕಡಲ ತಳದ ಮೇಲೆ ಎದ್ದ ಜ್ವಾಲಾಮುಖಿ ಚಾಪದ ಬೇರು. ಸುಮಾರು 250 ಕೋಟಿ ವರ್ಷದ ಹಿಂದೆ ಎರಡೂ ಕಡೆಯ ಕಲ್ಲು ಒಟ್ಟಿಗೆ ಬೆಂದಿದೆ. ಅಂದರೆ ಅದುವರೆಗೆ ಬೇರೆ ಬೇರೆ ಮನೆ, ಆಮೇಲೆ ಒಂದೇ ಒಲೆ. ನಡುವೆ ಇದ್ದ ಕಡಲು ಅಷ್ಟರಲ್ಲಿ ಮುಚ್ಚಿತ್ತು.

ನೆನಪಿಡಿ, ನೀಲಗಿರಿಯ ಈಗಿನ ಎತ್ತರ ಆ ಡಿಕ್ಕಿಯಿಂದ ಬಂದದ್ದಲ್ಲ. ಆಗಿನ ಬೆಟ್ಟಗಳು ಎಂದೋ ಸವೆದುಹೋದವು. ಈಗ ಕಾಣೋದು ಅವುಗಳ ಬೇರು, ಬಹಳ ಕಾಲದ ನಂತರ ಮೇಲೆದ್ದದ್ದು.

ಪೂರ್ವಕ್ಕೆ ನೋಡಿದರೆ ಬಿಳಿಗಿರಿರಂಗನ ಬೆಟ್ಟ. ಅಲ್ಲಿನ ಚಾರ್ನೊಕೈಟಿನಲ್ಲಿ 300 ಕೋಟಿ ವರ್ಷಕ್ಕೂ ಹಿಂದಿನ ಜಿರ್ಕಾನ್ ಇದೆ, ಅದು ತನ್ನದೇ ಚರಿತ್ರೆಯ ಒಂದು ತುಂಡು. ಅದಕ್ಕೂ ನಮಗೂ ನಡುವೆ ಕೊಳ್ಳೇಗಾಲದ ಕಡೆ ಉತ್ತರ-ದಕ್ಷಿಣವಾಗಿ ಹಾದುಹೋಗುವ ಗೆರೆಯೂ ಒಂದು ಹೊಲಿಗೆ ಅನ್ನೋ ವಾದ ಇದೆ. ಪಶ್ಚಿಮಕ್ಕೆ ಕೊಡಗು. 2015ರಲ್ಲಿ ಸಂತೋಷ್ ಮತ್ತು ಜೊತೆಗಾರರು ಕೊಡಗನ್ನು ಹೊರಗಿನಿಂದ ಬಂದು ಅಂಟಿಕೊಂಡ ಒಂದು ಪುಟ್ಟ ಭೂಖಂಡ ಅಂದರು. 310 ಕೋಟಿ ವರ್ಷದಿಂದ 350 ಕೋಟಿ ವರ್ಷದವರೆಗಿನ ವಯಸ್ಸು. ಅದರ ಹೊಲಿಗೆ ಮಡಿಕೇರಿ ಹೆಸರಿನಲ್ಲಿದೆ. (ಕೊಡಗಿನ ಗೆಳೆಯರೇ, ನಾವು ಬೇರೆಯೇ ಅಂತ ನೀವು ಹೇಳ್ತಾ ಇದ್ದದ್ದಕ್ಕೆ ಈಗ ವಿಜ್ಞಾನದ ಬೆಂಬಲ ಸಿಕ್ಕಿದೆ!)

ಮೋಯಾರ್ ದಾಟಿ ಇನ್ನೂ ತೆಂಕಕ್ಕೆ, ತಮಿಳುನಾಡಿನೊಳಕ್ಕೆ ಹೋದರೆ ಸರಿಯಾದ ಓಫಿಯೊಲೈಟ್ ಅಂತ ವರ್ಣಿಸಿರುವ ಎರಡು ಜಾಗ ಸಿಗುತ್ತವೆ. ನಾಮಕ್ಕಲ್ ಕಡೆಯ ದೇವನೂರಿನದ್ದು ಸುಮಾರು 253 ಕೋಟಿ ವರ್ಷ. ಅಲ್ಲಿಂದ ಬಹಳ ದೂರವೇನಿಲ್ಲದ ಮನಮೇಡಿನದ್ದು 74ರಿಂದ 78 ಕೋಟಿ ವರ್ಷ. ಎರಡೂ ಕಪ್ಪು ಕಲ್ಲೇ, ನೋಡೋಕೆ ಅಣ್ಣತಮ್ಮಂದಿರ ಹಾಗೆ. ವಯಸ್ಸು ಅಳೆಯದೇ ಇದ್ದಿದ್ದರೆ ಒಂದೇ ಕಡಲು ಅಂತ ಸೇರಿಸಿಬಿಡಬಹುದಿತ್ತು. ಅಳೆದ ಮೇಲೆ ಗೊತ್ತಾದದ್ದು, ಇವು ನಡುವೆ 175 ಕೋಟಿ ವರ್ಷ ಅಂತರವಿರುವ ಎರಡು ಬೇರೆ ಕಡಲುಗಳು. ಮೊದಲನೆಯದು ನೀಲಗಿರಿ ಕಾಲದ್ದು. ಎರಡನೆಯದು ಗೊಂಡ್ವಾನಾ ಸೇರುವುದಕ್ಕೆ ಮುಂಚಿನದ್ದು.

ನನಗೆ ರೋಮಾಂಚನ ಆಗಿದ್ದು ಇಲ್ಲಿ. ಬಂಡೀಪುರಕ್ಕೂ ಮುದುಮಲೆಗೂ ನಡುವೆ ಮೋಯಾರೇ ಗಡಿ. ಕರ್ನಾಟಕ ಮುಗಿದು ತಮಿಳುನಾಡು ಶುರುವಾಗೋ ಆ ಗೆರೆ ಹಳೆಯ ಫಲಕದ ಅಂಚಿನ ಪಟ್ಟಿಯಲ್ಲೇ ಹೋಗುತ್ತೆ. ರಾಜ್ಯಗಳನ್ನು ವಿಂಗಡಿಸಿದವರಿಗೆ ಇದು ಗೊತ್ತಿರಲಿಲ್ಲ. ಹೊಳೆಗೆ ಗೊತ್ತಿತ್ತು.

*

ಎಲ್ಲರೂ ಒಪ್ಪಿದ ಕಥೆಯೇ ಇದು? ಅಲ್ಲ. ಮೋಯಾರಿನಂಥ ಪಟ್ಟಿಗಳು ಒಂದೇ ಸಲ ಜರುಗಿ ಸುಮ್ಮನಾದವಲ್ಲ. ಗೊಂಡ್ವಾನಾ ಕಾಲದಲ್ಲಿ ಮತ್ತೆ ಉಜ್ಜಿಕೊಂಡಿವೆ, ಹಾಗಾಗಿ ಯಾವ ಗುರುತು ಯಾವ ಕಾಲದ್ದು ಅಂತ ಜಗಳ ಇದೆ. ಸರಗೂರು ಕಾಲದ ಕಲ್ಲುಗಳ ಬಗ್ಗೆಯಂತೂ ಇನ್ನೂ ದೊಡ್ಡ ಜಗಳ. 330 ಕೋಟಿ ವರ್ಷದ ಹಿಂದೆ ಫಲಕಗಳು ಈಗಿನಂತೆ ಚಲಿಸುತ್ತಿದ್ದವೇ? ಕೆಲವರ ಪ್ರಕಾರ ಅವು ಕಡಲ ತಳದಲ್ಲಿ ಎದ್ದ ದೊಡ್ಡ ಲಾವಾ ಪ್ರಸ್ಥಭೂಮಿಗಳು. ಇನ್ನು ಕೆಲವರ ಪ್ರಕಾರ ಅಂಚೂ ಇಲ್ಲ ಮುಳುಗೂ ಇಲ್ಲ, ಮೇಲೆ ಕೂತ ಭಾರದ ಕಪ್ಪು ಕಲ್ಲು ಕೆಳಗಿನ ಹಗುರ ಬಿಸಿ ನೈಸಿನೊಳಗೆ ನೇರ ಕುಸಿಯಿತು, ಅಂಬಲಿಯೊಳಗೆ ಮುದ್ದೆ ಇಳಿದ ಹಾಗೆ.

ಈ ಜಗಳ ತೀರ್ಮಾನ ಆಗೋದು ಹೇಗೆ? ಗೆಳೆಯ ಹೇಳಿದ ಉತ್ತರ ನನಗೆ ಬಹಳ ಹಿಡಿಸಿತು. "ವಯಸ್ಸೊಂದೇ ಸಾಲದು. ಆ ಕಪ್ಪು ಪಟ್ಟಿ ಪಕ್ಕದ ನೈಸಿಗೆ ಹೇಗೆ ತಾಗಿದೆ, ಯಾವ ದಿಕ್ಕಿಗೆ ಓಡುತ್ತೆ, ಎಷ್ಟು ಓರೆಯಾಗಿದೆ, ಅದನ್ನು ಯಾವುದು ಸೀಳಿದೆ, ಇಷ್ಟೂ ಬೇಕು. ಕಲ್ಲು ಎದ್ದುಬಂದರೆ ಇದೆಲ್ಲ ಹೋಯ್ತು. ಜಾಗ ಬಿಟ್ಟ ಕಲ್ಲಿಗೆ ವಯಸ್ಸಿರುತ್ತೆ, ಊರಿರಲ್ಲ."

ಇದಕ್ಕೊಂದು ಹಳೆಯ ನಿದರ್ಶನ ಇದೆ. ಚಾರ್ನೊಕೈಟ್ ಅಂದೆನಲ್ಲ, ಆ ಹೆಸರು ಬಂದದ್ದು ಕಲ್ಕತ್ತಾದ ಒಂದು ಗೋರಿಯಿಂದ. ಕಂಪನಿಯ ಜಾಬ್ ಚಾರ್ನಾಕ್ ಸಮಾಧಿಯ ಮೇಲಿನ ಕಲ್ಲು ಅದು. 1893ರಲ್ಲಿ ಥಾಮಸ್ ಹಾಲೆಂಡ್ ಆ ಬಗೆಯ ಕಲ್ಲಿಗೆ ಚಾರ್ನಾಕ್ ಹೆಸರಿಟ್ಟರು. ಆದರೆ ಆ ಕಲ್ಲಿನ ಸ್ವಭಾವ ತಿಳಿಯೋಕೆ ಅವರು ಗೋರಿಯ ಮುಂದೆ ಕೂರಲಿಲ್ಲ. ಮದರಾಸಿನ ಪಲ್ಲಾವರಂ, ಸೇಂಟ್ ಥಾಮಸ್ ಗುಡ್ಡಗಳಿಗೆ ಹೋಗಿ, ಅದು ಇದ್ದಲ್ಲೇ ನೋಡಬೇಕಾಯಿತು.

*

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನಮ್ಮ ಸೋದರಮಾವನ ಹೊಲದ ತುದಿಗೊಂದು ಗುಡ್ಡೆ ಇದೆ. ಉಳೋಕೆ ಬರಲ್ಲ, ಮೇಕೆ ಮೇಯೋಕೆ ಮಾತ್ರ. ಹೋದ ವರ್ಷ ಒಂದು ಕ್ರಷರಿನವರು ಬಂದು ಅದನ್ನು ಗುತ್ತಿಗೆಗೆ ಕೇಳಿದರು. ಜಲ್ಲಿಗೆ. ಮಾವನ ಎರಡು ಬೋರು ಬತ್ತಿವೆ, ಮಗಳ ಮದುವೆಯ ಸಾಲ ಇನ್ನೂ ಇದೆ. ಬೇಡ ಅನ್ನೋಕೆ ನಾನ್ಯಾರು?

ಗೆಳೆಯನನ್ನು ಕರೆದುಕೊಂಡು ಎರಡನೇ ಸಲ ಹೋದದ್ದು ಅದಕ್ಕೇ. ಗುಡ್ಡೆಯ ಬಹುಪಾಲು ಮಾಮೂಲಿ ನೈಸ್. ಆದರೆ ಪಡುವಣ ಮಗ್ಗುಲಲ್ಲಿ ಹನ್ನೆರಡು ಹೆಜ್ಜೆ ಅಗಲದ ಒಂದು ಕಪ್ಪು ಪಟ್ಟಿ ಓಡುತ್ತೆ. ಅದರ ಅಂಚಿಗೆ ಅಂಟಿಕೊಂಡು ಕಬ್ಬಿಣದ ಪಟ್ಟೆ ಕಲ್ಲಿನ ಎರಡು ತೆಳು ಪದರ. ಗೆಳೆಯ ಮಂಡಿಯೂರಿ ಕೂತು ಮಸೂರದಲ್ಲಿ ಅರ್ಧ ಗಂಟೆ ನೋಡಿದ. "ಆಂಫಿಬೊಲೈಟು. ಸರಗೂರು ಬಳಗದ್ದೇ ಇರಬೇಕು. ಜೊತೆಗೆ ಕಬ್ಬಿಣದ ಪದರ ಇದೆ ನೋಡು, ಸಂಬಂಧ ಹಾಗೇ ಉಳಿದಿದೆ," ಅಂದ. ಮಾವ ಪಕ್ಕದಲ್ಲಿ ಬೀಡಿ ಸೇದುತ್ತಾ ನಿಂತಿದ್ದರು. ಕಡಲ ವಿಷಯ ಹೇಳಿದೆ.

"ಅಲ್ಲ ಮಗ, ಇಲ್ಲಿ ಕುಡಿಯಾಕ ನೀರಿಲ್ಲ, ನೀ ಕಡ್ಲು ಅಂತೀಯಲ್ಲ!"

ಎಲ್ಲರೂ ನಕ್ಕೆವು. ಆಮೇಲೆ ಮಾವ ಕೇಳಿದ ಪ್ರಶ್ನೆಗೆ ನಗು ನಿಂತಿತು. "ಈ ಕರಿ ಕಲ್ಲು ಬುಟ್ಟು ಬಿಳಿ ಕಲ್ಲು ಒಡುದ್ರ ಆಯ್ತದಾ? ಇಲ್ಲ ಎಲ್ಲಾನೂ ಬುಡ್ಬೇಕಾ?"

ಇದು ನಾನು ಪ್ರಬಂಧಗಳಲ್ಲಿ ಎಲ್ಲೂ ಓದದ ಪ್ರಶ್ನೆ. ಆದರೆ ಉತ್ತರ ಇರುವ ಪ್ರಶ್ನೆ. ಜಲ್ಲಿಗೆ ಯಾವ ನೈಸಾದರೂ ಆಗುತ್ತೆ, ಜಿಲ್ಲೆಯಲ್ಲಿ ಅದಕ್ಕೆ ಬರವಿಲ್ಲ. ಉಳಿಯಬೇಕಾದದ್ದು ಆ ಹನ್ನೆರಡು ಹೆಜ್ಜೆ, ಮತ್ತು ಅದು ನೈಸಿಗೆ ತಾಗುವ ಎರಡೂ ಅಂಚು. ಗುತ್ತಿಗೆ ಪತ್ರದಲ್ಲಿ ಮೂಡಲ ಅರ್ಧ ಮಾತ್ರ ಅಂತ ಬರೆಸಿದ್ದಾರೆ ಮಾವ. ಹಣ ಅದಕ್ಕೆ ತಕ್ಕ ಹಾಗೆ ಕಡಿಮೆಯಾಯಿತು. ಆ ಕಡಿಮೆಯಾದ ಹಣ ಅವರ ಜೇಬಿನದ್ದು, ನನ್ನದಲ್ಲ ಅನ್ನೋದನ್ನು ನಾನು ಮರೆಯೋ ಹಾಗಿಲ್ಲ. ಬರೆದ ಗೆರೆಯನ್ನು ಬಂಡೆಯ ಮೇಲೆ ಎಷ್ಟು ದಿನ ಪಾಲಿಸ್ತಾರೋ ನೋಡಬೇಕು.

ಕ್ವಾರಿ ಅಂದರೆ ಕಲ್ಲಿಗೆ ಮಾತ್ರ ಅಪಾಯ ಅಂತಲೂ ಅಲ್ಲ. 2022ರ ಮಾರ್ಚಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯಲ್ಲಿ ಗುಡ್ಡ ಕುಸಿದು ದೂರದ ಊರಿನಿಂದ ಕೂಲಿಗೆ ಬಂದಿದ್ದವರು ಸತ್ತದ್ದು ನಿಮಗೆ ನೆನಪಿರಬಹುದು. ಆ ಬಡಜೀವಗಳ ಮುಂದೆ ಹಳೆಯ ಕಡಲಿನ ಮಾತು ಸಣ್ಣದು. ಆದರೆ ಬಂಡೆಯಲ್ಲಿ ಬಿರುಕು ಎಲ್ಲಿದೆ, ಪದರ ಯಾವ ಕಡೆಗೆ ಓರೆಯಾಗಿದೆ ಅಂತ ನೋಡದೆ ಯಂತ್ರ ಇಳಿಸೋ ಅಭ್ಯಾಸವೇ ಎರಡಕ್ಕೂ ಕುತ್ತು. ಕಲ್ಲನ್ನು ಬರೀ ಟನ್ನಿನ ಲೆಕ್ಕದಲ್ಲಿ ನೋಡಿದರೆ ಅದು ಏನು ಹೇಳುತ್ತಿದೆ ಅನ್ನೋದು ಕೇಳಿಸಲ್ಲ. ಅದು 300 ಕೋಟಿ ವರ್ಷದ ಹಿಂದಿನ ಮಾತಿರಲಿ, ನಾಳೆ ಬೆಳಿಗ್ಗೆಯದಿರಲಿ.

ಚಾಮರಾಜನಗರದ ಕಪ್ಪು ಕಲ್ಲು ಹೊರದೇಶಗಳಿಗೆ ಹೋಗಿ ಯಾರದೋ ಸಮಾಧಿಯ ಮೇಲೆ ನಿಂತಿದೆ, ನಮ್ಮದೇ ಬೆಂಗಳೂರಿನ ಅಡುಗೆಮನೆಗಳಲ್ಲಿ ಗ್ಯಾಸ್ ಒಲೆಯ ಕೆಳಗಿದೆ. ಅದು ಹೋಗಬಾರದು ಅಂತ ನಾನು ಹೇಳಲ್ಲ. ಆ ಕೂಲಿಯಿಂದ ಓದಿದ ಮಕ್ಕಳು ನನಗೆ ಗೊತ್ತು. ಹೋಗುವ ಮುಂಚೆ ಅದು ಎಲ್ಲಿತ್ತು, ಪಕ್ಕದಲ್ಲಿ ಯಾರಿದ್ದರು ಅಂತ ಯಾರಾದರೂ ಒಬ್ಬರು ಬರೆದಿಟ್ಟುಕೊಂಡಿರಬೇಕು, ಅಷ್ಟೇ ನನ್ನ ಆಸೆ. ಊರು ಬಿಟ್ಟು ಬಂದ ನಮ್ಮಂಥವರಿಗೂ ಪಡಿತರ ಚೀಟಿಯಲ್ಲಿ ಅಷ್ಟು ಬರೆದಿರ್ತಾರಲ್ಲ!

ಆ ದಿನ ನಾವು ಮಾಡಿದ್ದು ಇಷ್ಟು. ಪಟ್ಟಿಯ ಎರಡೂ ಅಂಚಿನಲ್ಲಿ ನಿಂತು ಮೊಬೈಲಿನಲ್ಲಿ ಅಕ್ಷಾಂಶ ರೇಖಾಂಶ ಗುರುತು ಮಾಡಿಕೊಂಡೆವು. ದಿಕ್ಸೂಚಿಯಲ್ಲಿ ಅದು ಓಡುವ ದಿಕ್ಕು, ಓರೆ ಅಳೆದೆವು. ಪಕ್ಕದಲ್ಲಿ ಪೆನ್ನಿಟ್ಟು ಫೋಟೋ ತೆಗೆದೆವು. ಮುಷ್ಟಿ ಗಾತ್ರದ ನಾಲ್ಕು ಚೂರು, ಯಾವುದು ಎಲ್ಲಿಯದು ಅಂತ ಬರೆದು ಪೇಪರಿನಲ್ಲಿ ಸುತ್ತಿ ಗೆಳೆಯ ತೆಗೆದುಕೊಂಡು ಹೋದ. ಜಿರ್ಕಾನ್ ಸಿಗುತ್ತೋ ಇಲ್ಲವೋ, ಯಾವ ಯಂತ್ರದ ಸರದಿ ಯಾವಾಗ ಬರುತ್ತೋ... ಬಂದ ದಿನ ಇಲ್ಲಿ ಬರೀತೀನಿ.

ಈಗ ನಿಮ್ಮ ಸರದಿ. ನೀವು ಹೊಳೆನರಸೀಪುರದವರೋ, ನುಗ್ಗೇಹಳ್ಳಿಯವರೋ, ಎಚ್.ಡಿ. ಕೋಟೆಯವರೋ, ಕುಮಟೆಯವರೋ ಆಗಿದ್ದರೆ, ನಿಮ್ಮೂರ ಗುಡ್ಡದಲ್ಲಿ ಬಿಳಿ ಬಂಡೆಯ ನಡುವೆ ಹೀಗೆ ಕಪ್ಪು ಪಟ್ಟಿ, ಕೆಂಪು-ಕಪ್ಪು ಪಟ್ಟೆಯ ಕಬ್ಬಿಣದ ಕಲ್ಲು, ಹಸಿರು ಬಳಪದ ಕಲ್ಲು ಕಂಡಿದ್ದರೆ ಹೇಳಿ. ಒಡೆದು ತರಬೇಡಿ. ಇದ್ದಲ್ಲೇ ಇರಲಿ. ಫೋಟೋ, ಜಾಗದ ಗುರುತು, ಯಾವ ದಿಕ್ಕಿಗೆ ಓಡುತ್ತೆ, ಇಷ್ಟು ಸಾಕು. ಅದರ ಪಕ್ಕದಲ್ಲಿ ಯಾವ ಕಲ್ಲಿದೆ ಅಂತ ಬರೆಯೋದು ಮಾತ್ರ ಮರೆಯಬೇಡಿ.